ಆನಂದಪುರವನ್ನು ಕಾಣುವ ಕ್ರಮ

ಫಾಲ್ಗುಣದ ಹುಣ್ಣಿಮೆ ಕಳೆದ ಮರುದಿನ, ನಮ್ಮ ನಾಡಿನಲ್ಲಿ ಕಾಮದಹನದ ಬೂದಿಯು ಆರಿ ಓಕುಳಿಯ ಬಣ್ಣವು ಬೀದಿಗಳಲ್ಲಿ ಇನ್ನೂ ಮಾಸದೆ ಉಳಿದಿರುವ ಹೊತ್ತಿಗೆ, ಹುಣ್ಣಿಮೆಯಿಂದ ಹುಣ್ಣಿಮೆಗೆ ತಿಂಗಳನ್ನು ಎಣಿಸುವ ಉತ್ತರದೇಶದ ಪಂಚಾಂಗದಲ್ಲಿ ಚೈತ್ರವು ಆಗಲೇ ಪ್ರವೇಶಿಸಿಬಿಟ್ಟಿರುವುದು. ನಾವು ಯುಗಾದಿಗಾಗಿ ಇನ್ನೂ ಒಂದು ಪಕ್ಷ ಕಾಯಬೇಕಾಗಿರುವಾಗ, ಅಲ್ಲಿ ಚೈತ್ರ ಬಹುಳ ಪ್ರತಿಪದೆಯೆಂದು ಎಣಿಕೆಯಾಗುವ ಆ ದಿನವನ್ನು ಹಿಡಿದು, ಶಿವಾಲಿಕ ಬೆಟ್ಟಗಳ ತಪ್ಪಲಿನಲ್ಲಿ ಸತ್ಲಜ್ ನದಿಗೆ ಅನತಿದೂರದಲ್ಲಿರುವ ಆನಂದಪುರ ಸಾಹಿಬ್ ಎಂಬ ಸಣ್ಣ ಪಟ್ಟಣದಲ್ಲಿ, ಪಂಜಾಬಿನ ಹಳ್ಳಿಹಳ್ಳಿಗಳಿಂದಲೂ ಸಮುದ್ರದಾಚೆಯ ದೇಶಗಳಿಂದಲೂ ಬಂದು ನೆರೆದ ಲಕ್ಷಾಂತರ ಜನರ ನಡುವೆ, ಹೋಲಾ ಮೊಹಲ್ಲಾ ಎಂಬ ಉತ್ಸವವು ನಡೆಯುವುದು.

ಈ ಉತ್ಸವದ ಪ್ರಖ್ಯಾತಿಯು ಹೆಚ್ಚಿದಂತೆಲ್ಲ, ದೆಹಲಿಯಿಂದಲೂ ಚಂಡೀಗಢದಿಂದಲೂ ಮಾರ್ಗದರ್ಶಕರೊಡನೆ ಹೊರಡುವ ಪ್ರವಾಸಿ ತಂಡಗಳೂ ಹೆಚ್ಚಿವೆ. ಅವುಗಳ ಪ್ರಚಾರಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಚಿತ್ರ: ಓಡುವ ಎರಡು ಕುದುರೆಗಳ ಬೆನ್ನಿನ ಮೇಲೆ ಒಂದೊಂದು ಕಾಲನ್ನಿಟ್ಟು, ಕೈಯಲ್ಲಿ ಭರ್ಜಿ ಹಿಡಿದು, ಧೂಳಿನ ಮೋಡದಿಂದ ಹೊರಬರುತ್ತಿರುವ ನೀಲಾಂಬರಧಾರಿಯಾದ ನಿಹಂಗ್ ಯೋಧನದು. ಚಿತ್ರವು ಸತ್ಯವಾದದ್ದೇ, ಅಂಥ ಸವಾರರನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಆದರೆ ಆ ಒಂದು ಚಿತ್ರವನ್ನೇ ನೆಚ್ಚಿಕೊಂಡು ಹೊರಟು, ಕಡೆಯ ದಿನದ ಮಧ್ಯಾಹ್ನ ಮೈದಾನದ ಅಂಚಿನಲ್ಲಿ ಇಳಿದು, ಸಂಜೆಗೆ ಹಿಂದಿರುಗಿಬಿಡುವವನು ಕಾಣುವುದು ಅಶ್ವವಿದ್ಯೆಯ ಒಂದು ಪ್ರದರ್ಶನವನ್ನು ಮಾತ್ರ. ಆನಂದಪುರವನ್ನು ಕಾಣುವುದಕ್ಕೆ ಒಂದು ಕ್ರಮವಿದೆ ಎಂಬುದು ನನ್ನ ದೃಢವಾದ ನಂಬುಗೆ. ಮೊದಲು ಶೋಕವನ್ನು ಕಾಣಬೇಕು. ಅನಂತರ ಆ ಶೋಕದಿಂದ ಹುಟ್ಟಿದ ದೀಕ್ಷೆಯನ್ನು. ತರುವಾಯ ದೀಕ್ಷೆಯನ್ನು ಕಾಪಾಡಿದ ಶಿಕ್ಷಣವನ್ನು. ಎಲ್ಲಕ್ಕೂ ಕಡೆಯಲ್ಲಿ ಉತ್ಸವವನ್ನು. ಮಾರ್ಗದರ್ಶಕನಾದವನು ಬಾಯಿಂದ ಎಷ್ಟು ವಿವರಿಸಿದನೆಂಬುದಕ್ಕಿಂತಲೂ, ಕಾಲುಗಳನ್ನು ಯಾವ ಸ್ಥಳದಿಂದ ಯಾವ ಸ್ಥಳಕ್ಕೆ ನಡೆಸಿದನೆಂಬುದೇ ಇಲ್ಲಿ ಮುಖ್ಯವಾದದ್ದು.

ನಾನು ಸೇರಿಕೊಂಡಿದ್ದ ತಂಡದ ಮಾರ್ಗದರ್ಶಕನು ಆ ಪ್ರಾಂತದವನೇ ಆದ ತರುಣ. ಅವನಿಗೆ ಈ ಕ್ರಮವು ತಿಳಿದಿತ್ತು. ರೂಪನಗರವನ್ನು ದಾಟಿ ಉತ್ತರಕ್ಕೆ ಸಾಗುವ ದಾರಿಯಲ್ಲಿ, ಒಂದು ಪಕ್ಕದಲ್ಲಿ ತೆನೆಗಟ್ಟಿದ ಹಸುರು ಗೋಧಿಯ ಬಯಲು, ಇನ್ನೊಂದು ಪಕ್ಕದಲ್ಲಿ ಎಲೆಯುದುರಿ ಕೆಂಪು ಹೂವನ್ನೇ ಹೊತ್ತು ನಿಂತ ಬೂರುಗದ ಮರಗಳು, ಮುಂದೆ ಮಸುಕುನೀಲಿಯ ಬೆಟ್ಟಗಳ ಸಾಲು, ಇವೆಲ್ಲವೂ ನಮ್ಮನ್ನು ಮುಂದಕ್ಕೆ ಎಳೆಯುತ್ತಿದ್ದರೂ, ಅವನು ಆನಂದಪುರಕ್ಕೆ ಸುಮಾರು 10 ಕಿಲೋಮೀಟರು ಈಚೆಗೇ ವಾಹನವನ್ನು ನಿಲ್ಲಿಸಿ, ಕೀರತ್‌ಪುರದಲ್ಲಿ ನಮ್ಮನ್ನು ಇಳಿಸಿದನು. ಹೋಲಾ ಮೊಹಲ್ಲಾದ ಮೊದಲ ದಿನಗಳು ಇಲ್ಲಿಯೇ ನಡೆಯುವುದು ಈಗಿನ ವಾಡಿಕೆ; ಆನಂದಪುರದ ಮೂರು ದಿನಗಳು ಅದರ ಬಳಿಕ ಬರುವುವು. ಆದರೆ ಅವನು ನಮ್ಮನ್ನು ಅಲ್ಲಿ ಇಳಿಸಿದುದಕ್ಕೆ ಬೇರೊಂದು ಕಾರಣವಿತ್ತು.

ಕೀರತ್‌ಪುರವು ಆರನೆಯ ಗುರು ಹರಗೋವಿಂದರು ನೆಲೆಗೊಳಿಸಿದ ಊರು. ತಂದೆಯಾದ ಗುರು ಅರ್ಜುನರು 1606ರಲ್ಲಿ ಲಾಹೋರಿನಲ್ಲಿ ಪ್ರಾಣಾರ್ಪಣೆ ಮಾಡಿದ ಮೇಲೆ, ಲೌಕಿಕ ಮತ್ತು ಪಾರಮಾರ್ಥಿಕ ಅಧಿಕಾರಗಳ ಚಿಹ್ನೆಯಾಗಿ ಎರಡು ಖಡ್ಗಗಳನ್ನು ಧರಿಸಿದವರು ಅವರು. ತಮ್ಮ ಕಡೆಗಾಲವನ್ನು ಅವರು ಇಲ್ಲಿಯೇ ಕಳೆದರು. ಈಗಲೂ ಸಿಖ್ಖರು ತಮ್ಮವರ ಅಸ್ಥಿಯನ್ನು ತಂದು ವಿಸರ್ಜಿಸುವುದು ಈ ಊರಿನ ಪಾತಾಲಪುರಿಯ ನೀರಿನಲ್ಲಿ. ಉತ್ಸವಕ್ಕೆಂದು ಬಂದ ಬಣ್ಣಬಣ್ಣದ ಮುಂಡಾಸುಗಳ ಜನಪ್ರವಾಹದ ನಡುವೆಯೇ, ಬಟ್ಟೆಯಲ್ಲಿ ಕಟ್ಟಿದ ಸಣ್ಣ ಗಂಟನ್ನು ಎದೆಗವಚಿಕೊಂಡು ಮೌನವಾಗಿ ನಡೆದುಹೋಗುವ ಕುಟುಂಬಗಳನ್ನೂ ಅಲ್ಲಿ ಕಾಣುವೆವು. ಯಾರೂ ಅವರನ್ನು ತಡೆಯುವುದಿಲ್ಲ, ಅವರೂ ಯಾರ ಸಂತೋಷಕ್ಕೂ ಅಡ್ಡಿಯಾಗುವುದಿಲ್ಲ.

ಇದೇ ಕೀರತ್‌ಪುರಕ್ಕೆ, 1675ರ ನವೆಂಬರಿನಲ್ಲಿ, ಭಾಯಿ ಜೈತಾ ಎಂಬ ಭಕ್ತನು ದೆಹಲಿಯಿಂದ ಒಂದು ಶಿರಸ್ಸನ್ನು ಹೊತ್ತು ತಂದನು. ಕಾಶ್ಮೀರದ ಪಂಡಿತರು ಆ ವರ್ಷದ ಬೇಸಗೆಯಲ್ಲಿ ಆನಂದಪುರಕ್ಕೆ ಬಂದು, ತಮ್ಮ ಧರ್ಮಕ್ಕೆ ಒದಗಿದ ಸಂಕಟವನ್ನು ಒಂಬತ್ತನೆಯ ಗುರು ತೇಗ್ ಬಹಾದುರರ ಮುಂದೆ ಹೇಳಿಕೊಂಡದ್ದು, ಗುರುಗಳು ಅನ್ಯರ ಧರ್ಮದ ರಕ್ಷಣೆಗಾಗಿ ದೆಹಲಿಗೆ ಹೋದದ್ದು, ಔರಂಗಜೇಬನ ಆಳ್ವಿಕೆಯಲ್ಲಿ ಚಾಂದನಿ ಚೌಕದಲ್ಲಿ ಅವರ ಶಿರಚ್ಛೇದವಾದದ್ದು, ಇವು ಭಾರತದ ಇತಿಹಾಸವನ್ನು ಓದಿದವರಿಗೆಲ್ಲ ತಿಳಿದ ಸಂಗತಿಗಳೇ. ಆದರೆ ಪುಸ್ತಕದಲ್ಲಿ ಓದುವುದು ಬೇರೆ. ಸಮಾಜವು ಅಂತ್ಯಜನೆಂದು ದೂರವಿಟ್ಟಿದ್ದ ಕುಲದವನೊಬ್ಬನು, ಪಹರೆಯ ಕಣ್ಣುಗಳನ್ನು ತಪ್ಪಿಸಿಕೊಂಡು, ಸುಮಾರು 300 ಕಿಲೋಮೀಟರುಗಳ ದಾರಿಯನ್ನು ಕ್ರಮಿಸಿ, ತಂದೆಯ ಶಿರಸ್ಸನ್ನು ಒಂಬತ್ತು ವರ್ಷದ ಬಾಲಕನ ಕೈಗೆ ಒಪ್ಪಿಸಿದ ಆ ನೆಲದ ಮೇಲೆ, ಬಿಬಾಣಗಢ ಗುರುದ್ವಾರದ ಅಂಗಳದಲ್ಲಿ, ಬರಿಗಾಲಿನಲ್ಲಿ ನಿಲ್ಲುವುದು ಬೇರೆ. ಆ ಬಾಲಕನು ಜೈತಾನನ್ನು ತಬ್ಬಿಕೊಂಡು, ಅವನ ಕುಲದವರನ್ನೆಲ್ಲ ಗುರುವಿನ ಮಕ್ಕಳೆಂದು ಕರೆದನೆಂದು ಪರಂಪರೆಯು ಹೇಳುವುದು. ಬಾಲಕನ ಹೆಸರು ಗೋವಿಂದ ರಾಯ. ಮುಂದೆ ಗುರು ಗೋವಿಂದ ಸಿಂಹ.

ಶಿರಸ್ಸಿಗೆ ಅಗ್ನಿಸಂಸ್ಕಾರವಾದುದು ಆನಂದಪುರದಲ್ಲಿ. ಆ ಸ್ಥಳದಲ್ಲಿ ಈಗ ಸೀಸ್ ಗಂಜ್ ಗುರುದ್ವಾರವಿದೆ. ಆನಂದಪುರವನ್ನು ಕಟ್ಟಿದವರೂ ಅದೇ ತೇಗ್ ಬಹಾದುರರೇ: 1665ರಲ್ಲಿ, ಬಿಲಾಸಪುರದ ರಾಣಿ ಚಂಪಾದೇವಿಯಿಂದ ಮಾಖೋವಾಲ್ ಎಂಬ ಹಾಳುಬಿದ್ದ ಗ್ರಾಮದ ಭೂಮಿಯನ್ನು ಕೊಂಡು, ತಾಯಿ ನಾನಕಿಯ ಹೆಸರಿನಲ್ಲಿ ಚಕ್ ನಾನಕಿ ಎಂದು ಕರೆದು, ಅವರು ಸ್ಥಾಪಿಸಿದ ವಸತಿಯೇ ಕಾಲಕ್ರಮದಲ್ಲಿ ಆನಂದಪುರವಾಯಿತು. ಸೀಸ್ ಗಂಜಿಗೆ ಬರುವ ಪ್ರವಾಸಿಗಳು ಬಹಳ ಮಂದಿಯಿಲ್ಲ. ಆಚೆಯ ಬೀದಿಯಲ್ಲಿ ಡೋಲುಗಳ ಮೊಳಗು ಕೇಳುತ್ತಿರುವಾಗ ಇಲ್ಲಿ ಕೀರ್ತನೆಯು ಮಂದ್ರಸ್ಥಾಯಿಯಲ್ಲಿ ನಡೆದಿರುವುದು. ಉತ್ಸವವನ್ನು ನೋಡಬಂದವನು ಅರ್ಧ ಘಂಟೆಯಾದರೂ ಇಲ್ಲಿ ಕುಳಿತೇ ಮುಂದಕ್ಕೆ ಹೋಗತಕ್ಕದ್ದು.

ಅಲ್ಲಿಂದ ಮೇಲಕ್ಕೆ ಕಣ್ಣೆತ್ತಿದರೆ ದಿಬ್ಬದ ಮೇಲೆ ಬೆಳ್ಳಗೆ ಹೊಳೆಯುವ ತಖ್ತ್ ಕೇಸ್‌ಗಢ ಸಾಹಿಬ್. ಸಿಖ್ಖರ ಐದು ತಖ್ತ್‌ಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ, ಇದೊಂದು. 1699ರ ವೈಶಾಖಿಯಂದು ಇಲ್ಲಿ ನಡೆದ ಘಟನೆಯನ್ನು ಎಷ್ಟು ಬಾರಿ ಕೇಳಿದರೂ ಅದರ ಗಾಂಭೀರ್ಯವು ಕುಗ್ಗುವುದಿಲ್ಲ. ನೆರೆದ ಸಹಸ್ರಾರು ಜನರ ಮುಂದೆ ಗುರು ಗೋವಿಂದರು ಒರೆಯಿಂದ ಹಿರಿದ ಖಡ್ಗವನ್ನು ಹಿಡಿದು ನಿಂತು, ತನ್ನ ತಲೆಯನ್ನು ಕೊಡುವವರು ಯಾರಿದ್ದೀರಿ ಎಂದು ಕೇಳಿದರು, ಸಭೆಯು ಸ್ತಬ್ಧವಾಯಿತು, ಕೊನೆಗೆ ಒಬ್ಬೊಬ್ಬರಾಗಿ ಐವರು ಎದ್ದರು. ಲಾಹೋರಿನ ದಯಾರಾಮ, ಹಸ್ತಿನಾಪುರದ ಧರ್ಮದಾಸ, ಜಗನ್ನಾಥಪುರಿಯ ಹಿಮ್ಮತ್ ರಾಯ, ದ್ವಾರಕೆಯ ಮೋಹಕಂ ಚಂದ, ಬೀದರಿನ ಸಾಹಿಬ್ ಚಂದ. ಲೋಹದ ಪಾತ್ರೆಯಲ್ಲಿ ನೀರನ್ನು ತುಂಬಿ, ಮಾತಾ ಜೀತೋ ಅವರು ಬತ್ತಾಸನ್ನು ಬೆರೆಸಿದ ಆ ನೀರನ್ನು ಇಬ್ಬಾಯಿಯ ಖಡ್ಗದಿಂದ ಕಲಕಿ, ಆ ಅಮೃತವನ್ನು ಐವರಿಗೂ ಕುಡಿಸಿ, ಅವರನ್ನು ಸಿಂಹರೆಂದು ಕರೆದು, ಒಡನೆಯೇ ಗುರುವು ತಾನು ಶಿಷ್ಯನಾಗಿ ಅವರ ಮುಂದೆ ಮಂಡಿಯೂರಿ ಅವರಿಂದಲೇ ಅದೇ ದೀಕ್ಷೆಯನ್ನು ಬೇಡಿದನು. ಅಧಿಕಾರವನ್ನು ತಾನೇ ಸೃಷ್ಟಿಸಿ, ತಾನೇ ಅದಕ್ಕೆ ತಲೆಬಾಗಿದ ಇಂಥ ದೃಷ್ಟಾಂತವು ಧಾರ್ಮಿಕ ಚರಿತ್ರೆಯಲ್ಲಿ ವಿರಳ.

ಕನ್ನಡಿಗನಾದವನು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಅದನ್ನು ಯಾರೂ ಆಕ್ಷೇಪಿಸಲಾರರು. ಆ ಐವರಲ್ಲಿ ಒಬ್ಬನು ನಮ್ಮ ಬೀದರಿನವನು. ಸಿಖ್ ಪರಂಪರೆಯು ಅವನ ತಂದೆಯನ್ನು ಗುರುನಾರಾಯಣನೆಂದೂ ತಾಯಿಯನ್ನು ಅಂಕಮ್ಮನೆಂದೂ ನೆನೆಯುವುದು. ಕ್ಷೌರಿಕ ವೃತ್ತಿಯ ಮನೆತನ. ಹದಿಹರೆಯದಲ್ಲಿಯೇ ಆತನು ದಖ್ಖಣದ ಕೆಮ್ಮಣ್ಣಿನ ಬಯಲನ್ನು ಬಿಟ್ಟು, ಒಂದೂವರೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ದಾಟಿ, ಗುರುವಿನ ಸನ್ನಿಧಿಯನ್ನು ಸೇರಿ, ಅಲ್ಲಿಯೇ ನೆಲೆನಿಂತು, ಗುರಿಕಾರನೆಂದು ಹೆಸರು ಗಳಿಸಿದನು. ನಾವು ಮಾರ್ಗದರ್ಶಕನಿಗೆ ನಮ್ಮ ನಾಡಿನ ಹೆಸರನ್ನು ಹೇಳಿದಾಗ ಅವನ ಮುಖದಲ್ಲಿ ಮೂಡಿದ ಆದರವು ನಮಗೆ ಸಲ್ಲತಕ್ಕದ್ದಾಗಿರಲಿಲ್ಲ, ಸಾಹಿಬ್ ಸಿಂಹನಿಗೆ ಸಲ್ಲತಕ್ಕದ್ದು. ಪಂಜಾಬಿನ ಸಾಮಾನ್ಯ ರೈತನಿಗೂ ಬೀದರ್ ಎಂಬ ಊರಿನ ಹೆಸರು ತಿಳಿದಿರುವುದು ಈ ಒಬ್ಬನಿಂದ, ಮತ್ತು ಅವನಿಗೂ ಮೊದಲೇ ಆ ಊರಿಗೆ ಬಂದಿದ್ದ ಗುರು ನಾನಕರಿಂದ. ಸಿಖ್ಖರು ನಿತ್ಯವೂ ಮಾಡುವ ಅರ್ದಾಸ್ ಎಂಬ ಪ್ರಾರ್ಥನೆಯಲ್ಲಿ ಪಂಚಪ್ರಿಯರೆಂದು ಹೆಸರಾದ ಈ ಐವರ ಸ್ಮರಣೆಯು ತಪ್ಪದೆ ಬರುವುದರಿಂದ, ಲೋಕದ ಯಾವ ಮೂಲೆಯ ಗುರುದ್ವಾರದಲ್ಲಾದರೂ ಬೀದರಿನ ಈ ಮಗನ ನೆನಪಿಲ್ಲದ ದಿನವಿಲ್ಲ. ನಮ್ಮ ಶಾಲೆಗಳ ಪಾಠಗಳಲ್ಲಿ ಈತನಿಗೆ ದೊರೆಯಬೇಕಾದಷ್ಟು ಸ್ಥಳವು ದೊರೆತಿಲ್ಲವೆಂಬ ಕೊರಗು ಅಲ್ಲಿ ನಿಂತಾಗ ನನ್ನನ್ನು ಬಲವಾಗಿ ಕಾಡಿತು.

ಕೇಸ್‌ಗಢದ ಗರ್ಭಗೃಹದಲ್ಲಿ ಗುರುವಿನ ಕಾಲದ ಆಯುಧಗಳನ್ನು ದರ್ಶನಕ್ಕೆ ಇಟ್ಟಿರುವರು. ಅವುಗಳಲ್ಲಿ ನಾಗಿನಿ ಎಂಬ, ಹಾವಿನಂತೆ ಬಳುಕಿದ ಅಲಗುಳ್ಳ ಭರ್ಜಿಯ ಕಥೆಯನ್ನು ಕೇಳದೆ ಹೋಲಾದ ಅರ್ಥವು ತಿಳಿಯಲಾರದು. ಆ ದೀಕ್ಷೆಯಿಂದ ಖಾಲ್ಸಾ ಎಂಬ ಸಮುದಾಯವು ಸ್ಥಾಪನೆಯಾದ ಮರುವರ್ಷ, 1700ರಲ್ಲಿ, ಬೆಟ್ಟದ ನಾಡಿನ ರಾಜರು ಒಟ್ಟಾಗಿ ಬಂದು ಆನಂದಪುರವನ್ನು ಮುತ್ತಿದರು. ಲೋಹಗಢವೆಂಬ ಕೋಟೆಯ ಬಾಗಿಲನ್ನು ಒಡೆಯುವುದಕ್ಕಾಗಿ ಮದ್ಯ ಕುಡಿಸಿದ ಆನೆಯೊಂದನ್ನು, ಅದರ ಹಣೆಗೆ ಉಕ್ಕಿನ ಕವಚವನ್ನು ತೊಡಿಸಿ, ಮುಂದಕ್ಕೆ ನೂಕಿದರು. ಕುದುರೆಯ ಮೇಲೆ ಒಬ್ಬನೇ ಹೊರಬಂದ ಬಚಿತ್ತರ್ ಸಿಂಹನು ಈ ನಾಗಿನಿ ಭರ್ಜಿಯಿಂದ ಆ ಕವಚವನ್ನು ಭೇದಿಸಿದನು. ನೊಂದ ಆನೆಯು ತಿರುಗಿ ತಂದವರ ಸೈನ್ಯವನ್ನೇ ತುಳಿಯಿತು. ಗುರುವು ಕಟ್ಟಿಸಿದ ಕೋಟೆಗಳ ಸರಣಿಯು, ಅಂದರೆ ಆನಂದಗಢ, ಲೋಹಗಢ, ಫತೇಹಗಢ, ತಾರಾಗಢ, ಹೋಲಗಢಗಳು, ಊರನ್ನು ಸುತ್ತುವರಿದು ನಿಂತಿರುವುದನ್ನು ಕಂಡರೆ, ಇಲ್ಲಿ ಬದುಕುವುದೆಂದರೆ ಸದಾ ಸನ್ನದ್ಧರಾಗಿರುವುದೆಂಬ ಸತ್ಯವು ಬಾಯಿಮಾತಿನ ವಿವರಣೆಯಿಲ್ಲದೆಯೇ ಮನಸ್ಸಿಗೆ ನಾಟುವುದು.

ಹೋಲಾ ಮೊಹಲ್ಲಾದ ಆರಂಭವನ್ನು ಸಾಮಾನ್ಯವಾಗಿ 1701ರ ವಸಂತಕ್ಕೆ ಹೇಳುವರು. ತಲೆಮಾರುಗಳ ಕಾಲ ಆಯುಧವನ್ನೇ ಮುಟ್ಟದಿದ್ದ ರೈತರು, ಬಡಗಿಗಳು, ನೇಕಾರರು, ಕ್ಷೌರಿಕರು ಖಾಲ್ಸಾಕ್ಕೆ ಸೇರಿದ್ದರು. ಅವರ ಭಕ್ತಿಯು ಅಚಲವಾಗಿದ್ದರೂ ಯುದ್ಧದ ಅಭ್ಯಾಸವು ಅವರಿಗೆ ಹೊಸದು. ಹೋಳಿಯ ಮರುದಿನ ಗುರುವು ಅವರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದನ್ನು ಹೋಲಗಢದಲ್ಲಿ ನಿಲ್ಲಿಸಿ ಇನ್ನೊಂದರಿಂದ ಅದರ ಮೇಲೆ ಕೃತಕ ಆಕ್ರಮಣ ಮಾಡಿಸಿ, ವ್ಯೂಹರಚನೆಯನ್ನೂ ಹಿಮ್ಮೆಟ್ಟುವಿಕೆಯನ್ನೂ ಕುದುರೆಯ ಸವಾರಿಯನ್ನೂ ತಾನೇ ಪರೀಕ್ಷಿಸಿ, ಗೆದ್ದವರಿಗೆ ಸಿರೋಪಾ ಎಂಬ ಗೌರವವಸ್ತ್ರವನ್ನು ಕೊಡುತ್ತಿದ್ದನು. ದಿನದ ಇನ್ನೊಂದು ಭಾಗವು ಕೀರ್ತನೆಗೂ ಕಾವ್ಯಗೋಷ್ಠಿಗೂ ಮೀಸಲು. ಗುರುವಿನ ಆಸ್ಥಾನದಲ್ಲಿ 52 ಮಂದಿ ಕವಿಗಳಿದ್ದರೆಂದು ಪರಂಪರೆಯಲ್ಲಿ ಪ್ರತೀತಿಯಿದೆ. ಹೀಗೆ, ಶರೀರಕ್ಕೆ ವ್ಯಾಯಾಮವನ್ನೂ ಮನಸ್ಸಿಗೆ ಕಾವ್ಯವನ್ನೂ ಒಂದೇ ದಿನದಲ್ಲಿ ಕೊಟ್ಟ ಗುರುವು, ಋತುವಿನ ಉಲ್ಲಾಸವನ್ನು ನಿರಾಕರಿಸದೆ ಅದಕ್ಕೆ ಒಂದು ಪ್ರಯೋಜನವನ್ನು ಕೂಡಿಸಿದನು. ಹೋಲಗಢವು ಚರಣಗಂಗಾ ಎಂಬ ತೊರೆಯ ಆಚೆಗೆ, ಅಗಮಪುರ ಗ್ರಾಮದ ಬಳಿ, ಈಗ ಗುರುದ್ವಾರವಾಗಿ ನಿಂತಿದೆ. ಅದರ ದಿಬ್ಬದ ಮೇಲೆ ನಿಂತು ಕೆಳಗಣ ಮರಳುಹರವನ್ನು ನೋಡುವವನಿಗೆ, ಆ ಕೃತಕ ಯುದ್ಧವು ಎಷ್ಟು ಅಲ್ಪಕಾಲದಲ್ಲಿ ನಿಜವಾದ ಯುದ್ಧವಾಗಬೇಕಾಯಿತೆಂಬ ಯೋಚನೆಯು ಬಾರದಿರದು.

ಏಕೆಂದರೆ ನಾಲ್ಕೇ ವರ್ಷಗಳಲ್ಲಿ ಆನಂದಪುರವು ದೀರ್ಘವಾದ ಮುತ್ತಿಗೆಗೆ ಒಳಗಾಯಿತು. ಆಹಾರವು ತೀರಿ, ಮೊಗಲರೂ ಬೆಟ್ಟದ ರಾಜರೂ ಸುರಕ್ಷಿತ ಮಾರ್ಗವನ್ನು ಕೊಡುವೆವೆಂದು ಮಾಡಿದ ಆಣೆಯನ್ನು ನಂಬಿ, 1704ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ (ಕೆಲವು ಇತಿಹಾಸಕಾರರು 1705 ಎನ್ನುವರು) ಗುರುವು ಊರನ್ನು ತ್ಯಜಿಸಬೇಕಾಯಿತು. ಆಣೆಯು ಮುರಿಯಿತು. ಉಕ್ಕಿ ಹರಿಯುತ್ತಿದ್ದ ಸಿರಸಾ ಹೊಳೆಯ ದಡದಲ್ಲಿ ಕುಟುಂಬವು ಚದುರಿತು. ಚಮಕೌರಿನ ಮಣ್ಣಿನ ಮನೆಯೊಂದರಿಂದ ಬೆರಳೆಣಿಕೆಯ ಸಂಗಾತಿಗಳು ಅಸಂಖ್ಯಾತ ಸೈನ್ಯವನ್ನು ಎದುರಿಸಿದಾಗ ಗುರುವಿನ ಹಿರಿಯ ಮಕ್ಕಳಿಬ್ಬರೂ ಮಡಿದರು. ಕಿರಿಯರಿಬ್ಬರನ್ನು ಸರ್‌ಹಿಂದದಲ್ಲಿ ಕೊಂದರು. ಚಮಕೌರಿನಲ್ಲಿ ಅಂದು ಬಿದ್ದವರಲ್ಲಿ ಪುರಿಯ ಹಿಮ್ಮತ್ ಸಿಂಹ, ದ್ವಾರಕೆಯ ಮೋಹಕಂ ಸಿಂಹ, ಬೀದರಿನ ಸಾಹಿಬ್ ಸಿಂಹ, ಈ ಮೂವರೂ ಇದ್ದರು. ಇಷ್ಟನ್ನು ತಿಳಿದ ಮೇಲೆ ಯಾತ್ರಿಕನು ಮೈದಾನಕ್ಕೆ ಇಳಿಯಬಹುದು.

ಮೈದಾನಕ್ಕಿಂತಲೂ ಮೊದಲು ನಿಹಂಗರ ಪಾಳೆಯಗಳು. ಬುಡ್ಢಾ ದಳ, ತರುಣಾ ದಳ ಎಂಬ ವಿಭಾಗಗಳು 18ನೆಯ ಶತಮಾನದಲ್ಲಿ ನವಾಬ್ ಕಪೂರ್ ಸಿಂಹನ ಕಾಲದಲ್ಲಿ ಏರ್ಪಟ್ಟವು, ಹಿರಿಯರದೊಂದು, ಕಿರಿಯರದೊಂದು. ಈ ದಳಗಳ ವಂಶವಾಹಿನಿಯು ಈಗಲೂ ಜೀವಂತವಾಗಿದ್ದು, ವರ್ಷದ ಬಹುಭಾಗವನ್ನು ಕುದುರೆಗಳೊಡನೆ ಸಂಚಾರದಲ್ಲಿ ಕಳೆಯುವ ನಿಹಂಗರು ಹೋಲಾಕ್ಕೆ ತಪ್ಪದೆ ಇಲ್ಲಿ ಬೀಡುಬಿಡುವರು. ಕಡುನೀಲಿಯ ನಿಲುವಂಗಿ, ಶಂಕುವಿನಾಕಾರದಲ್ಲಿ ಎತ್ತರಕ್ಕೆ ಸುತ್ತಿದ ದುಮಾಲಾ ಎಂಬ ಮುಂಡಾಸು, ಅದನ್ನು ಬಳಸಿ ಹರಿತವಾದ ಉಕ್ಕಿನ ಚಕ್ರಗಳು, ನಡುವಿನಲ್ಲಿ ಕಠಾರಿ, ಬೆನ್ನಿಗೆ ಗುರಾಣಿ: ನೋಡಿದೊಡನೆ ಕ್ಯಾಮೆರಾವನ್ನು ಎತ್ತಬೇಕೆನ್ನಿಸುವುದು ಸಹಜ. ನಮ್ಮ ಮಾರ್ಗದರ್ಶಕನು ಅದಕ್ಕೆ ಅವಕಾಶ ಕೊಡಲಿಲ್ಲ. ಮೊದಲು ಕೈಮುಗಿದು ಫತೇಹ್ ಎಂದು ವಂದಿಸಿರಿ, ಕುಳಿತುಕೊಳ್ಳಿರೆಂದರೆ ಕುಳಿತುಕೊಳ್ಳಿರಿ, ಚಿತ್ರದ ಮಾತು ಕಡೆಗೆ ಎಂದನು. ಹಾಗೆ ಮಾಡಿದ್ದರಿಂದ ನಮಗಾದ ಲಾಭವು ದೊಡ್ಡದು. ಒಬ್ಬ ವೃದ್ಧ ನಿಹಂಗನು ಶುದ್ಧ ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ಬೇಳೆಯನ್ನು ಬೇಯಿಸುತ್ತಿದ್ದನು. ಸರಬ್‌ಲೋಹವೆಂದು ಕರೆಯುವ ಆ ಪಾತ್ರೆಯ ಹೊರತು ಬೇರೆ ಲೋಹದಲ್ಲಿ ಬೆಂದುದನ್ನು ಮುಟ್ಟದವರು ಅವರಲ್ಲಿ ಬಹಳ ಮಂದಿ ಇರುವರು. ಇನ್ನೊಂದು ಕಡೆ ಬಾದಾಮಿ, ಗಸಗಸೆ, ಕಾಳುಮೆಣಸುಗಳನ್ನು ಭಾರವಾದ ಮರದ ಒನಕೆಯಿಂದ ಅರೆದು ಶರ್ದಾಯಿಯೆಂಬ ಪಾನಕವು ಸಿದ್ಧವಾಗುತ್ತಿತ್ತು. ಹುಲ್ಲು ಮೇಯುತ್ತಿದ್ದ ಕುದುರೆಯೊಂದರ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಶುಚಿಮಾಡುತ್ತಿದ್ದ ಹನ್ನೆರಡು ವರ್ಷದ ಹುಡುಗನು ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ. ನಾಳೆ ಮೈದಾನದಲ್ಲಿ ಕ್ಷಣಾರ್ಧದಲ್ಲಿ ಕಣ್ಣಮುಂದೆ ಹಾದುಹೋಗುವ ಸಾಹಸವು ಇಂಥ ಸಾವಿರ ಸಂಜೆಗಳ ಶ್ರಮದ ಫಲವೆಂಬುದನ್ನು ಆ ಹುಡುಗನ ಏಕಾಗ್ರತೆಯು ತಿಳಿಸಿಕೊಟ್ಟಿತು.

ಗತ್ಕಾ ಎಂಬ ಶಸ್ತ್ರಕ್ರೀಡೆಯ ಅಖಾಡಗಳೂ ಊರಿನ ಉದ್ದಗಲಕ್ಕೆ ನೆಲೆಯೂರಿರುವುವು. ಆಯುಧಗಳಿಗೆ ನಮಸ್ಕರಿಸದೆ ಯಾರೂ ಆಟವನ್ನು ಆರಂಭಿಸರು. ಬೆತ್ತದ ಕೋಲು, ಚರ್ಮದ ಕಿರುಗುರಾಣಿ, ಡೋಲಿನ ಲಯಕ್ಕೆ ಹೊಂದಿದ ಪಾದಗತಿ. ಈ ಪಾದಗತಿಯೇ ವಿದ್ಯೆಯ ಮೂಲ, ಕೈಯು ಅದರ ಅನುಚರ ಎಂದು ಬಲ್ಲವರು ಹೇಳುವರು. 1849ರಲ್ಲಿ ಪಂಜಾಬು ಬ್ರಿಟಿಷರ ವಶವಾಗಿ, ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಂಡ ಮೇಲೂ, ಕೋಲಿನ ರೂಪದಲ್ಲಿ ಈ ವಿದ್ಯೆಯು ಉಳಿದುಬಂದಿತು. ಈಚೆಗೆ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ. ಹುಡುಗಿಯರು ಹುಡುಗರಿಗೆ ಸಮನಾಗಿ, ಕೆಲವೆಡೆ ಅವರನ್ನು ಮೀರಿಸಿ, ಕತ್ತಿ ಬೀಸುವುದನ್ನು ಕಂಡು ನಮ್ಮ ತಂಡದ ಮಹಿಳೆಯರ ಕಣ್ಣುಗಳು ಅರಳಿದುವು.

ಇನ್ನು ಲಂಗರ್ ಎಂಬ ಸಾಮೂಹಿಕ ಭೋಜನ. ಇದರ ವಿಷಯವಾಗಿ ಎಷ್ಟು ಬರೆದರೂ ಸಾಲದು. ಆನಂದಪುರದ ಒಳಗೆ ಮಾತ್ರವಲ್ಲ, ರೂಪನಗರದಿಂದ ಬರುವ ಹೆದ್ದಾರಿಯ ಉದ್ದಕ್ಕೂ, ಹಳ್ಳಿಗಳವರು ತಮ್ಮ ತಮ್ಮ ಧಾನ್ಯ, ಹಾಲು, ಸೌದೆ, ಪಾತ್ರೆಗಳನ್ನು ಟ್ರ್ಯಾಕ್ಟರುಗಳಲ್ಲಿ ತಂದು ಶಾಮಿಯಾನಗಳನ್ನು ಹೂಡಿ, ರಸ್ತೆಯ ನಡುವೆ ನಿಂತು, ಹೋಗುವ ವಾಹನಗಳನ್ನು ಅಡ್ಡಗಟ್ಟಿ ಊಟಕ್ಕೆ ಕರೆಯುವರು. ಹೊಟ್ಟೆ ತುಂಬಿದೆಯೆಂದರೆ ಕಬ್ಬಿನ ಹಾಲನ್ನಾದರೂ ಕುಡಿಯಿರೆನ್ನುವರು. ಅದೂ ಬೇಡವೆಂದರೆ ಜಿಲೇಬಿಯನ್ನು ಕೈಗೆ ತುರುಕುವರು. ಬೇಡುವವನ ದೈನ್ಯವು ಇಲ್ಲಿ ಕೊಡುವವನ ಮುಖದ ಮೇಲೆ ಕಾಣುವುದು. ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಪಂಕ್ತಿಯಾಗಿ ಕುಳಿತು, ಎರಡು ಕೈಗಳನ್ನೂ ಚಾಚಿ ರೊಟ್ಟಿಯನ್ನು ಸ್ವೀಕರಿಸುವಾಗ, ಹಣ ತೆತ್ತು ಬಂದ ವಿದೇಶದ ಪ್ರವಾಸಿಯೂ, ಮೂರು ದಿನ ನಡೆದು ಬಂದ ಕೂಲಿಯವನೂ, ನಿವೃತ್ತನಾದ ಸೇನಾಧಿಕಾರಿಯೂ ಒಂದೇ ಎತ್ತರದಲ್ಲಿ ಇರುವರು. ಮಾರ್ಗದರ್ಶಕನು ನಮ್ಮನ್ನು ಉಣ್ಣುವುದಕ್ಕೆ ಕೂರಿಸಿ ಸುಮ್ಮನಾಗಲಿಲ್ಲ. ಉಂಡ ಬಳಿಕ ತಟ್ಟೆ ತೊಳೆಯುವ ತೊಟ್ಟಿಯ ಬಳಿಗೂ ಕರೆದೊಯ್ದನು. ಮಾರ್ಗದರ್ಶನದ ಪ್ರವಾಸಗಳನ್ನು ಏರ್ಪಡಿಸುವವರೆಲ್ಲರೂ ಈ ಒಂದು ಘಂಟೆಯ ಸೇವೆಯನ್ನು ತಮ್ಮ ಕಾರ್ಯಕ್ರಮದಲ್ಲಿ ಕಡ್ಡಾಯವಾಗಿ ಸೇರಿಸಬೇಕೆಂದು ನಾನು ಬಲವಾಗಿ ಹೇಳುವೆನು. ಪ್ರೇಕ್ಷಕನಾಗಿ ಬಂದವನು ಸಂಗತ್ ಎಂಬ ಭಕ್ತಸಮುದಾಯದ ಒಳಗಿನವನಾಗುವ ದ್ವಾರವು ಆ ತೊಟ್ಟಿಯ ಬಳಿಯಲ್ಲಿರುವುದು.

ಕಡೆಯ ದಿನದ ಮೆರವಣಿಗೆಯೇ ಮೊಹಲ್ಲಾ. ಕೇಸ್‌ಗಢದಲ್ಲಿ ಅರ್ದಾಸ್ ಮುಗಿದು, ನಗಾರಿಗಳ ಘೋಷದೊಡನೆ, ಪಂಚಪ್ರಿಯರ ಪ್ರತಿನಿಧಿಗಳಾದ ಐವರ ಮುಂದಾಳುತನದಲ್ಲಿ ನಿಶಾನ್ ಸಾಹಿಬ್ ಎಂಬ ಧ್ವಜವು ಹೊರಡುವುದು; ನಿಹಂಗ್ ದಳಗಳು ತಮ್ಮ ಆನೆ, ಕುದುರೆ, ಒಂಟೆಗಳೊಡನೆ ಹಿಂಬಾಲಿಸುವುವು. ಕೋಟೆಗಳ ದಾರಿಯನ್ನು ಹಿಡಿದು ಹೋಲಗಢವನ್ನು ಮುಟ್ಟಿ, ಚರಣಗಂಗೆಯ ಬಯಲಿಗೆ ಇಳಿಯುವವರೆಗೂ, ಮಾಳಿಗೆಗಳ ಮೇಲಿಂದ ಗುಲಾಲಿನ ಮಳೆ, ಹೂವಿನ ಮಳೆ. ಬಯಲಿನಲ್ಲಿ ಧೂಳು ಅಡಗುವ ಮಾತಿಲ್ಲ. ಭೂಮಿಗೆ ನೆಟ್ಟ ಮರದ ಗೂಟವನ್ನು ನಾಗಾಲೋಟದ ಕುದುರೆಯ ಮೇಲಿಂದ ಭರ್ಜಿಯ ತುದಿಯಲ್ಲಿ ಕಿತ್ತೊಯ್ಯುವ ನೇಜಾಬಾಜಿ; ಜೀನಿಲ್ಲದ ಕುದುರೆಗಳ ಸ್ಪರ್ಧೆ; ಎರಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುದುರೆಗಳನ್ನು ಏಕಕಾಲದಲ್ಲಿ ನಡೆಸುವ ಸವಾರರು. ಒಬ್ಬನು ಹಾದುಹೋದಾಗ ನೆಲವು ಪಾದದ ಕೆಳಗೆ ನಡುಗಿದುದು ಈಗಲೂ ನನ್ನ ದೇಹದಲ್ಲಿ ನೆಲೆಸಿದೆ. ಬೋಲೇ ಸೋ ನಿಹಾಲ್ ಎಂದು ಎಲ್ಲಿಯೋ ಒಂದು ಕಂಠವು ಏರಿದರೆ, ಸತ್ ಶ್ರೀ ಅಕಾಲ್ ಎಂದು ಬಯಲಿಗೆ ಬಯಲೇ ಉತ್ತರಿಸುವುದು. ನಮ್ಮ ಪಕ್ಕದಲ್ಲಿ ನಿಂತಿದ್ದ, ಮೊದಲ ಎರಡು ದಿನಗಳನ್ನು ಬಿಟ್ಟು ಆಗತಾನೆ ಬಂದಿಳಿದಿದ್ದ ಇನ್ನೊಂದು ತಂಡದವರು ಆ ಓಟವನ್ನು ಕಂಡು ಚಪ್ಪಾಳೆ ತಟ್ಟಿದರು. ನಮ್ಮವರಲ್ಲಿ ಹಲವರು ಕೈಮುಗಿದರು.

ಆನಂದಪುರದಲ್ಲಿ ವಿರಾಸತ್-ಏ-ಖಾಲ್ಸಾ ಎಂಬ ಭವ್ಯವಾದ ವಸ್ತುಸಂಗ್ರಹಾಲಯವೂ ಇದೆ. ವಾಸ್ತುಶಿಲ್ಪಿ ಮೋಶೆ ಸಾಫ್ದಿಯವರ ಕಲ್ಪನೆಯಿಂದ ರೂಪುಗೊಂಡು, 2011ರ ನವೆಂಬರಿನಲ್ಲಿ ತೆರೆದ ಈ ಕಟ್ಟಡವು, ಮರಳುಗಲ್ಲಿನ ಗೋಪುರಗಳಿಂದಲೂ ಜಲಾಶಯದ ಮೇಲಣ ಸೇತುವೆಯಿಂದಲೂ ಬೆಟ್ಟದ ಹಿನ್ನೆಲೆಗೆ ಒಪ್ಪುವಂತೆ ನಿಂತಿದೆ. ಪ್ರವಾಸಿ ತಂಡಗಳನ್ನು ಇಲ್ಲಿಗೆ ಮೊದಲೇ ಕರೆತರುವ ವಾಡಿಕೆಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ಸ್ಥಳಗಳನ್ನು ಕಂಡು ಬಂದವನಿಗೆ ಈ ಸಂಗ್ರಹಾಲಯವು ಕಂಡುದನ್ನು ಸಮಗ್ರವಾಗಿ ಜೋಡಿಸಿ ಕೊಡುವುದು. ಕಾಣದೆ ಬಂದವನಿಗಾದರೋ, ಅದರ ದೀಪಾಲಂಕಾರವೇ ಸಾಕೆನ್ನಿಸಿ, ಸೀಸ್ ಗಂಜಿನ ಅಂಗಳಕ್ಕೆ ಹೋಗುವ ಮನಸ್ಸು ಬಾರದೆ ಹೋಗಬಹುದು.

ಉತ್ಸವದ ಈಗಿನ ರೂಪದಲ್ಲಿ ಮನಸ್ಸಿಗೆ ನೋವಾಗುವ ಸಂಗತಿಗಳೂ ಇವೆ. ಶಬ್ದಶಾಮಕವನ್ನು ಕಿತ್ತೆಸೆದ ಮೋಟಾರು ಸೈಕಲ್ಲುಗಳ ಅಬ್ಬರ, ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ಧ್ವನಿವರ್ಧಕಗಳಿಂದ ಹೊಮ್ಮುವ ಸಿನಿಮಾ ಸಂಗೀತ, ಇವುಗಳಿಂದ ಢಾಡಿ ಗಾಯಕರ ಕಂಠವೂ ಅವರ ಸಾರಂಗಿಯೂ ಎಷ್ಟೋ ವೇಳೆ ಕೇಳಿಸದಾಗುವುವು. ಗುರು ಹರಗೋವಿಂದರ ಕಾಲದಿಂದ ವೀರರ ಕಥೆಗಳನ್ನು ಹಾಡಿಕೊಂಡು ಬಂದ ಈ ಢಾಡಿಗಳ ಸುತ್ತಲೂ ಕುಳಿತಿದ್ದವರಲ್ಲಿ ಬಹುಪಾಲು ನರೆತ ಗಡ್ಡದವರೇ ಆಗಿದ್ದರು. ಹಿರಿಯರು ಪ್ರತಿವರ್ಷವೂ ತರುಣರಿಗೆ ಸಂಯಮವನ್ನು ಬೋಧಿಸುವರು, ಬೇಡಿಕೊಳ್ಳುವರು. ಹೊರಗಿನಿಂದ ಬಂದವರು ಇದರಲ್ಲಿ ಮಾಡಬಹುದಾದ ಒಂದು ಉಪಕಾರವೆಂದರೆ, ಅಬ್ಬರದ ಕಡೆಗೆ ಕ್ಯಾಮೆರಾವನ್ನು ತಿರುಗಿಸದೆ, ಢಾಡಿಗಳ ಮುಂದೆ ಹೋಗಿ ಕುಳಿತುಕೊಳ್ಳುವುದು. ನೋಡುವವರ ಕಣ್ಣು ಯಾವ ಕಡೆಗೆ ಹರಿಯುವುದೋ ಉತ್ಸವವು ಆ ಕಡೆಗೆ ಬೆಳೆಯುವುದು.

ಕರ್ನಾಟಕದಿಂದ ಹೊರಡುವವರಿಗೆ ಎರಡು ಮಾತು. ನವದೆಹಲಿಯಿಂದ ಊನಾ ಕಡೆಗೆ ಹೋಗುವ ರೈಲುಗಳು ಆನಂದಪುರ ಸಾಹಿಬಿನಲ್ಲಿ ನಿಲ್ಲುವುವು. ಚಂಡೀಗಢಕ್ಕೆ ವಿಮಾನದಲ್ಲಿ ಹೋದರೆ ಅಲ್ಲಿಂದ ರಸ್ತೆಯ ದಾರಿಯು ಎರಡು ಘಂಟೆಗಳದು, ಉತ್ಸವದ ದಿನಗಳಲ್ಲಿ ಅದರ ಇಮ್ಮಡಿ. ತಲೆಗೆ ಹೊದೆಯಲು ವಸ್ತ್ರವಿರಬೇಕು. ತಂಬಾಕು ಯಾವ ರೂಪದಲ್ಲಿಯೂ ಕೂಡದು. ವಸತಿಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳದವರು ಗುರುದ್ವಾರಗಳ ಸರಾಯಿಗಳಲ್ಲಿ ಜನರ ನಡುವೆ ನೆಲದ ಮೇಲೆ ಮಲಗಲು ಸಿದ್ಧರಾಗಿರಬೇಕು.

ಆದರೆ ನನ್ನ ಆಶೆಯು ಬೇರೊಂದಿದೆ.

ಕನ್ನಡಿಗರ ತಂಡವು ಆನಂದಪುರಕ್ಕೆ ಹೊರಡುವುದಾದರೆ ಅದು ಬೀದರಿನಿಂದ ಹೊರಡಲಿ. ಗುರು ನಾನಕರು 16ನೆಯ ಶತಮಾನದ ಆದಿಯಲ್ಲಿ ದಕ್ಷಿಣದ ಸಂಚಾರದಲ್ಲಿ ಬಂದು, ಉಪ್ಪುನೀರಿನಿಂದ ಬಳಲುತ್ತಿದ್ದ ಜನರಿಗೆ ಬಂಡೆಯ ಬುಡದಿಂದ ಸಿಹಿನೀರನ್ನು ತೋರಿಸಿದರೆಂದು ನಂಬುವ ಝರೆಯು ಅಲ್ಲಿ ಈಗಲೂ ಹರಿಯುತ್ತಿದೆ. ಅದರ ಬಳಿಯ ನಾನಕ ಝೀರಾ ಗುರುದ್ವಾರವು 1948ರಲ್ಲಿ ನಿರ್ಮಾಣವಾದದ್ದು. ಅಲ್ಲಿಂದ ಕೆಲವೇ ಮೈಲಿಗಳಾಚೆಗಿನ ಜನವಾಡದಲ್ಲಿ ಮಾಯಿ ಭಾಗೋ ಅವರ ನೆನಪಿನ ಗುರುದ್ವಾರವಿದೆ. ಆನಂದಪುರದ ಮುತ್ತಿಗೆಯಲ್ಲಿ ಗುರುವನ್ನು ಬಿಟ್ಟು ಬಂದಿದ್ದ ನಲವತ್ತು ಮಂದಿಯನ್ನು ಮೂದಲಿಸಿ, ಮತ್ತೆ ಒಟ್ಟುಗೂಡಿಸಿ, ಮುಂದೆ ಮುಕ್ತಸರವೆಂದು ಹೆಸರಾದ ಖಿದ್ರಾಣಾ ಕೆರೆಯ ದಡದಲ್ಲಿ ಅವರ ಮುಂದೆ ನಿಂತು ಕಾದಿದ ವೀರಮಹಿಳೆ ಆಕೆ. ಗುರುವಿನ ಜೊತೆಯಲ್ಲಿ ನಾಂದೇಡಿನವರೆಗೆ ಬಂದು, 1708ರಲ್ಲಿ ಅವರು ದೇಹತ್ಯಾಗ ಮಾಡಿದ ಮೇಲೆ, ಆಕೆಯು ಇನ್ನೂ ದಕ್ಷಿಣಕ್ಕೆ ನಡೆದು ಜನವಾಡದಲ್ಲಿ ನೆಲಸಿ, ವೃದ್ಧಾಪ್ಯವನ್ನು ಅಲ್ಲಿಯೇ ಕಳೆದಳು. ಬೀದರಿನ ತರುಣನೊಬ್ಬನು ಉತ್ತರಕ್ಕೆ ಹೋಗಿ ಪಂಜಾಬಿನ ಮಣ್ಣಿನಲ್ಲಿ ಮಡಿದನು. ಪಂಜಾಬಿನ ಮಹಿಳೆಯೊಬ್ಬಳು ದಕ್ಷಿಣಕ್ಕೆ ಬಂದು ಬೀದರಿನ ಮಣ್ಣಿನಲ್ಲಿ ಕಣ್ಣುಮುಚ್ಚಿದಳು. ಜನವಾಡದ ಗುರುದ್ವಾರದಲ್ಲಿ ಒಂದು ಬೆಳಗನ್ನು ಕಳೆದು, ನಾಂದೇಡಿನ ಹಜೂರ್ ಸಾಹಿಬಿನಲ್ಲಿ ಒಂದು ರಾತ್ರಿ ತಂಗಿ, ಬಳಿಕ ಉತ್ತರದ ರೈಲನ್ನು ಹತ್ತುವಂತೆ ಯಾತ್ರೆಯನ್ನು ಏರ್ಪಡಿಸುವ ಮಾರ್ಗದರ್ಶಕರು ನಮ್ಮಲ್ಲಿಯೇ ಮುಂದೆ ಬಂದರೆ, ಅವರೊಡನೆ ಹೊರಡುವುದಕ್ಕೆ ನಾನು ಈಗಲೇ ಸಿದ್ಧನಾಗಿರುವೆನು.